ಅಮ್ಮಿಯ ಹಲ್ಲು ಹನೋಯ್‌ಗೆ ಹೋದದ್ದು

ದೇವನಹಳ್ಳಿ

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ನನ್ನ ಕೈಚೀಲದಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ. "ಯಾರದು ಮೇಡಂ?" ಅಂದಳು. ನನಗೂ ತಕ್ಷಣ ತಿಳಿಯಲಿಲ್ಲ. ಕರವಸ್ತ್ರದ ಅಂಚಿನ ಹಸಿರು ಕಸೂತಿ ನೋಡಿದ ಮೇಲೆ ತಿಳಿಯಿತು. "ನಮ್ಮ ತಾಯಿದು" ಅಂದೆ. "ಅವರೆಲ್ಲಿ?" "ಹುಣಸೂರಲ್ಲಿ." ಅವಳು ನನ್ನನ್ನೊಮ್ಮೆ, ಹಲ್ಲನ್ನೊಮ್ಮೆ ನೋಡಿದಳು. "ತಾಯಿನ ಊರಲ್ಲಿ ಬಿಟ್ಟು ಹಲ್ಲು ಕರ್ಕೊಂಡು ಹೋಗ್ತಿದೀರಾ?" ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು.

ನಾನು ಹುಣಸೂರಿನಲ್ಲಿ ಹಲ್ಲಿನ ಡಾಕ್ಟರು. ವಿಯೆಟ್ನಾಮಿನ ಹನೋಯ್ ನಗರದಲ್ಲಿ ಹಲ್ಲಿನ ಹುಳುಕು ಮತ್ತು ಒಸಡಿನ ಅಂದದ ಬಗ್ಗೆ ಒಂದು ಸಮ್ಮೇಳನವಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ಜನರ ಬಾಯಿ ನೋಡಿ ನಾನು ಬರೆದ ಪ್ರಬಂಧಕ್ಕೆ ಅಲ್ಲಿಂದ ಕರೆ ಬಂದಿತ್ತು. ಮೊದಲ ವಿದೇಶ ಪ್ರಯಾಣ. ಸಂಭ್ರಮ ಇರಬೇಕಿತ್ತು, ಇರಲಿಲ್ಲ. ಮನೆಯಲ್ಲಿ ಅಮ್ಮಿ ಗಂಜಿ ಬಿಟ್ಟು ಬೇರೇನೂ ಮುಟ್ಟದೆ ಎಷ್ಟೋ ವಾರವಾಗಿತ್ತು.

ಅಮ್ಮಿ ಬಳೆ ಮಾರಿ ನಮ್ಮನ್ನು ಸಾಕಿದವಳು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಬಿಳಿಕೆರೆ, ಹೊಸ ಅಗ್ರಹಾರ, ಸರಗೂರು ಅಂತ ಸುತ್ತಿದವಳು. ಹಳ್ಳಿಯವರ ಬಾಯಲ್ಲಿ ಬಳೆ ಬೂಬಮ್ಮ. ಮನೆಯ ಮಾತು ದಖನಿಯಾದರೂ ಬೈಯುವುದು, ಮುದ್ದು ಮಾಡುವುದು ಎಲ್ಲ ಅವಳಿಗೆ ಹಳ್ಳಿ ಕನ್ನಡದಲ್ಲೇ ಬರಬೇಕು. ಅವಳ ನಗು ಕಪ್ಪಗಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ಅವಳ ಹಲ್ಲಿಗೆ ಮಿಸ್ಸಿ ಹಚ್ಚಿಸಿದ್ದರಂತೆ. ಮಿಸ್ಸಿ ಅಂದರೆ ಅಳಲೆಕಾಯಿ, ಕಬ್ಬಿಣದ ಪುಡಿ ಎಲ್ಲ ಸೇರಿಸಿ ಮಾಡಿದ ಕರಿ ಹಲ್ಲುಪುಡಿ. ಬೇರೆಯವರಲ್ಲಿ ಮದುವೆಯಾದ ಹೆಂಗಸಿಗೆ ಕುಂಕುಮ ಇದ್ದ ಹಾಗೆ ನಮ್ಮ ಹಳಬರಲ್ಲಿ ಮಿಸ್ಸಿ ಇತ್ತು. ಪಾತ್ರೆಗೆ ಕಲಾಯಿ ಹಾಕುತ್ತಿದ್ದ ನಮ್ಮ ಅಬ್ಬನಿಗೆ ಆ ಕಪ್ಪು ಬಲು ಇಷ್ಟ. ಪಿರಿಯಾಪಟ್ಟಣದ ಸಂತೆಯಲ್ಲಿ ತಲೆ ತುಂಬ ಸೆರಗು ಹೊದ್ದ ಹೆಂಗಸರ ನಡುವೆ ಹೆಂಡತಿಯನ್ನು ಹುಡುಕಬೇಕಾದರೆ ನಗು ನೋಡಿ ಗುರುತು ಹಿಡಿಯುತ್ತಿದ್ದೆ ಅಂತ ಹೇಳುತ್ತಿದ್ದರು.

ಅಬ್ಬ ಹೋದ ಮೇಲೆ ಅಮ್ಮಿ ಮಿಸ್ಸಿ ನಿಲ್ಲಿಸಿದಳು. ಗಂಡನಿಲ್ಲದವಳು ಹಚ್ಚಬಾರದಂತೆ. ಹಲ್ಲಿನ ಕಪ್ಪು ಮಾಸಿತು, ಒಸಡಿನದು ಉಳಿಯಿತು. ವರ್ಷಗಳು ಕಳೆದ ಹಾಗೆ ಹಲ್ಲುಗಳು ಬುಡದಲ್ಲಿ ಹುಳುಕಾಗಿ ಒಂದೊಂದೇ ಹೋದವು. ಕೊನೆಯದನ್ನು ಕಿತ್ತವಳು ನಾನೇ. ಆಮೇಲೆ ಸೆಟ್ಟು ಮಾಡಿಸಿದೆ. ಬಿಳಿ ಹಲ್ಲು, ಗುಲಾಬಿ ಒಸಡು. ಬೇರೆ ಬಣ್ಣ ಮೈಸೂರಿನ ಲ್ಯಾಬಿನಲ್ಲಿ ಇರಲಿಲ್ಲ. ಕಪ್ಪು ಒಸಡು ಬೇಕು ಅಂತ ಯಾರೂ ಕೇಳಿದ್ದೇ ಇಲ್ಲವಲ್ಲ ಮೇಡಂ ಅಂದರು. ಅಮ್ಮಿ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದಳು, ಸೆರಗು ತೆಗೆದು ಬಾಯಿಗಿಟ್ಟುಕೊಂಡಳು.

"ಇದ್ ಯಾರ್ದೋ ಬಾಯಿ ಕಣವ್ವ. ಇದ ಆಕ್ಕೊಂಡ್ ಓದ್ರೆ ಅಲ್ಲಿ ನಿಮ್ಮಬ್ಬ ನನ್ ಗುರ್ತು ಇಡಿದಾರಾ?"

ಅವಳ ಹೃದಯ ದಣಿದಿತ್ತು. ಇನ್ನು ಬಹಳ ಕಾಲ ಇಲ್ಲ ಅಂತ ಡಾಕ್ಟರು ನಮಗೆ ಹೇಳಿದ್ದರು, ಹೇಳದೆಯೂ ಅವಳಿಗೆ ಗೊತ್ತಿತ್ತು. ಇರುವಷ್ಟು ದಿನ ನಾಲ್ಕು ತುತ್ತು ಉಂಡು, ನಕ್ಕೊಂಡು ಇರಲಿ ಅನ್ನುವುದಷ್ಟೇ ನನ್ನ ಆಸೆ. ಅವಳು ಎರಡನ್ನೂ ಬಿಟ್ಟು ಕೂತಿದ್ದಳು. ನಾನು ಹೊರಟಾಗ "ಓಗ್ಬುಟ್ ಬಾ, ನಾನೇನ್ ಓಡೋಗ್ತೀನಾ" ಅಂದವಳು ನನಗೆ ಕಾಣದ ಹಾಗೆ ಸೆಟ್ಟನ್ನು ಚೀಲಕ್ಕೆ ತುರುಕಿದ್ದಾಳೆ. ನಿಲ್ದಾಣದಿಂದಲೇ ತಂಗಿ ನಸೀಮಾಗೆ ಫೋನು ಮಾಡಿದೆ. "ಕೇಳ್ದೆ ಕಣೇ ಅಕ್ಕ" ಅಂದಳು. "ಅವಳು ಮಾಡ್ಸಿದ್ ಹಲ್ಲು ಅವಳೇ ತಕೊಂಡೋಗಿ ಎಲ್ಲಾದ್ರೂ ಸಮುದ್ರಕ್ಕೆ ಆಕ್ಲಿ ಅಂತಾಳೆ."

ತಪಾಸಣೆಯ ಹುಡುಗಿ ಗಂಟು ಕಟ್ಟಿ ವಾಪಸ್ಸು ಕೊಟ್ಟಿದ್ದಳು. ಜನ್ಮದಲ್ಲಿ ವಿಮಾನ ಹತ್ತದ ಅಮ್ಮಿಯ ಹಲ್ಲು ಹೀಗೆ ವಿಮಾನ ಹತ್ತಿತು.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವುದು ಒಂದು ವಿದ್ಯೆ. ಸ್ಕೂಟರುಗಳು ಕಟ್ಟೆ ಒಡೆದ ನೀರಿನ ಹಾಗೆ ಬರುತ್ತವೆ. ನಾನು ಹೋಟೆಲಿನ ಎದುರಿನ ಅಂಗಡಿಗೆ ಹೋಗಲಾರದೆ ಫುಟ್‌ಪಾತಿನ ತುದಿಯಲ್ಲಿ ಬೆಪ್ಪಾಗಿ ನಿಂತಿದ್ದೆ. ನನ್ನನ್ನು ನೋಡಿಕೊಳ್ಳಲು ಸಮ್ಮೇಳನದವರು ಕಳಿಸಿದ್ದ ಹೋವಾ ಅನ್ನುವ ಡಾಕ್ಟರು ಬಂದು ಕೈ ಹಿಡಿದಳು. ಸಣ್ಣ ಆಳು, ದೊಡ್ಡ ಮಾತು. "ನಿಲ್ಲಬೇಡಿ, ಓಡಬೇಡಿ, ಒಂದೇ ಸಮ ನಡೀರಿ. ಅವರೇ ಸುತ್ತಿಕೊಂಡು ಹೋಗ್ತಾರೆ" ಅಂದಳು. ನಿಜವಾಗಿಯೂ ಹೋದರು, ಯಾರೂ ಬೈಯಲಿಲ್ಲ. ಹುಣಸೂರು ಬಸ್ ಸ್ಟ್ಯಾಂಡಿನ ಮುಂದೆ ಹೀಗೆ ನಡೆದಿದ್ದರೆ ಮೂರು ತಲೆಮಾರಿನ ಬೈಗುಳ ಕೇಳಬೇಕಿತ್ತು.

ಆ ಊರಿನವರು ಉಣ್ಣುವುದು ಬೀದಿ ಬದಿಯಲ್ಲಿ, ನಾವು ಬಚ್ಚಲಿನಲ್ಲಿ ಇಟ್ಟುಕೊಳ್ಳುವಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಮಂಡಿ ಗದ್ದಕ್ಕೆ ತಾಗುತ್ತದೆ. ನಾನು ಕೂತ ಸ್ಟೂಲು ಕಾಲು ಚೆಲ್ಲಿ ಮಲಗಿತು, ನಾನೂ ಮಲಗಿದೆ. ಸುತ್ತಲಿದ್ದವರೆಲ್ಲ ಎದ್ದು ಬಂದರು. ಒಬ್ಬರೂ ನಗಲಿಲ್ಲ. ಒಬ್ಬ ಮುದುಕರು ತಮ್ಮ ಸ್ಟೂಲನ್ನೇ ನನಗೆ ಕೊಟ್ಟು ನಿಂತುಕೊಂಡು ಉಂಡರು. ಹಂದಿಮಾಂಸದ ಭಯಕ್ಕೆ ನಾನು ಅನ್ನ, ಬಾಳೆಹಣ್ಣು, ಪನೀರಿನಂಥ ಸೋಯಾ ಗಟ್ಟಿ ಬಿಟ್ಟು ಬೇರೆ ತಿನ್ನುತ್ತಿರಲಿಲ್ಲ. ಅಮ್ಮಿಯೂ ಗಂಜಿಯಲ್ಲೇ ಇದ್ದಾಳಲ್ಲ ಅನ್ನಿಸಿ ಅದನ್ನೂ ಅರ್ಧಕ್ಕೆ ಬಿಡುತ್ತಿದ್ದೆ.

ಸಮ್ಮೇಳನ

ನನ್ನ ಪ್ರಬಂಧದಲ್ಲಿ ಎರಡು ಭಾಗ. ಒಂದು, ಕಡ್ಡಿಪುಡಿ, ಅಂದರೆ ಹೊಗೆಸೊಪ್ಪಿನ ಪುಡಿ ಹಾಕುವವರಲ್ಲಿ ಒಸಡು ಸರಿದು ಹಲ್ಲಿನ ಬುಡ ಹುಳುಕಾಗುವುದು. ಇನ್ನೊಂದು, ಜನ ತಮ್ಮ ಒಸಡಿನ ಬಣ್ಣದ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದು. ಈಚೆಗೆ ನಮ್ಮ ಕಡೆಯೂ ಮದುವೆಗೆ ಮುಂಚೆ ಹುಡುಗಿಯರನ್ನು ಕರೆತಂದು ಒಸಡು ಕಪ್ಪು, ಕೆಂಪು ಮಾಡಿಕೊಡಿ ಅನ್ನುತ್ತಾರೆ. ಮೇಲಿನ ಪದರ ತೆಗೆದರೆ ಗುಲಾಬಿ ಬರುತ್ತದೆ. ನಾನೂ ಮಾಡಿದ್ದೇನೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯೊಂದರಲ್ಲಿ ಕ್ಯಾಂಪು ಹಾಕಿದಾಗ ಕೂಲಿಗೆ ಹೊರಟಿದ್ದ ಒಬ್ಬ ಹೆಂಗಸನ್ನು ತಡೆದು, ನಿಮ್ಮ ಒಸಡಿನ ಬಣ್ಣ ನಿಮಗೆ ಇಷ್ಟವಾ ಅಂತ ಕೇಳಿದೆ. "ನನ್ ಒಸಡ ನಾನೆಲ್ ನೋಡಾನ ಕಣಮ್ಮ, ನೋಡೋರ್ ಕೇಳು" ಅಂದು ಹೊರಟೇ ಹೋದಳು. ಅದನ್ನು ಹೇಳಿದಾಗ ಸಭೆ ನಕ್ಕಿತು.

ನಕ್ಕ ಮೇಲೆ ಕೇಳಿದ ಪ್ರಶ್ನೆಗಳೆಲ್ಲ ಎರಡನೇ ಭಾಗದ್ದೇ. ಲೇಸರ್ ಒಳ್ಳೆಯದೋ ಬ್ಲೇಡು ಒಳ್ಳೆಯದೋ, ಕಪ್ಪು ಮತ್ತೆ ಯಾವಾಗ ಬರುತ್ತದೆ, ಬಾರದ ಹಾಗೆ ಏನು ಮಾಡಬೇಕು. ಹುಳುಕಿನ ಮಾತು ಯಾರಿಗೂ ಬೇಡವಾಗಿತ್ತು. ಸಭೆಯ ಹೊರಗೆ ಮಳಿಗೆಗಳಿದ್ದವು. ಒಂದರಲ್ಲಿ ಕಟ್ಟಿಸುವ ಹಲ್ಲಿನ ಒಸಡಿಗೆ ಬಣ್ಣದ ಮಾದರಿಗಳನ್ನು ಬೀಗದ ಕೈ ಗೊಂಚಲಿನ ಹಾಗೆ ತೂಗುಹಾಕಿದ್ದರು. ತಿಳಿ ಗುಲಾಬಿ, ನಡು ಗುಲಾಬಿ, ಕಡು ಗುಲಾಬಿ, ಕೊನೆಗೊಂದು ಕಂದು ಚುಕ್ಕೆಯ ಗುಲಾಬಿ. ನಮ್ಮ ಊರುಗಳ ಅರ್ಧ ಬಾಯಿ ಆ ಗೊಂಚಲಿನಲ್ಲಿ ಇರಲಿಲ್ಲ. "ಇದಕ್ಕಿಂತ ಕಪ್ಪು?" ಅಂದೆ. ಮಳಿಗೆಯವನು ಪಾಪ ಎಲ್ಲ ಡಬ್ಬ ಹುಡುಕಿ ಇಲ್ಲವೆಂದ. ನಾನು ಕರವಸ್ತ್ರದ ಗಂಟು ಚೀಲದಲ್ಲೇ ಬಿಟ್ಟೆ. ಹೋವಾ ನೋಡುತ್ತಿದ್ದಳು. ಯಾರಿಗೆ ಅಂತ ಕೇಳಿದಳು. ಹೇಳಿದೆ. ನಾಳೆ ಬಿಡುವಿದೆ, ನಮ್ಮ ಅಜ್ಜಿಯ ಊರಿಗೆ ಬನ್ನಿ ಅಂದಳು.

ಹೋವಾಳ ಅಜ್ಜಿಯ ಊರು

ನಗರ ದಾಟಿದ ಮೇಲೆ ಬತ್ತದ ಗದ್ದೆ, ನಾಲೆ, ಬಾತುಕೋಳಿ. ಕೆ.ಆರ್. ನಗರದ ದಾರಿಯಲ್ಲಿ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತಿತ್ತು, ಬೋರ್ಡು ಮಾತ್ರ ಓದಲು ಬರದು.

ಅಜ್ಜಿ ಅಂಗಳದ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಮ್ಮದೇ ವೀಳ್ಯದೆಲೆ, ನಮ್ಮದೇ ಅಡಿಕೆ. ನನ್ನನ್ನು ನೋಡಿ ನಕ್ಕರು. ಒಂದು ಹಲ್ಲೂ ಬಿಳಿ ಇಲ್ಲ. ಎಲೆ ಅಡಿಕೆಯ ಕಲೆಯಲ್ಲ, ಹೊಳೆಯುವ ಅಚ್ಚ ಕಪ್ಪು, ಸೀತಾಫಲದ ಬೀಜದ ಹಾಗೆ. ಹೋವಾಗೆ ಹಾಗಂತಲೇ ಹೇಳಿದೆ. ನಾವೂ ಹಾಗೇ ಹೇಳುತ್ತೇವೆ ಅಂದಳು ಹೋವಾ. ಹಿಂದೆ ಮದುವೆಗೆ ಬಂದ ಹುಡುಗಿಯರಿಗೆ ಅರಗಿನ ಬಣ್ಣ ಹಚ್ಚಿ ಹಲ್ಲು ಕಪ್ಪು ಮಾಡುತ್ತಿದ್ದರಂತೆ. ತುಟಿ ಊದಿ, ಗಟ್ಟಿಯದು ಏನೂ ತಿನ್ನದೆ ದಿನಗಟ್ಟಲೆ ಇರಬೇಕಿತ್ತಂತೆ. ಈಗ ಅಂಥವರು ಈ ಊರಿನಲ್ಲಿ ಅಜ್ಜಿಯೂ ಅವರ ನೆರೆಯವರೂ ಮಾತ್ರ.

ಎಲೆ ಮಡಿಸಿ ನನಗೆ ಕೊಟ್ಟರು. ಹುಣಸೂರಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಬಂದವರನ್ನು ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ನಿಲ್ಲಿಸಿ ಬೈಯುವವಳು ನಾನು. ಬಾಯಿ ಮುಚ್ಚಿಕೊಂಡು ಜಗಿದೆ. ಏನು ಕೆಲಸ ಮಾಡುತ್ತೀ ಅಂತ ಅಜ್ಜಿ ಹೋವಾಳ ಮೂಲಕ ಕೇಳಿದರು. ಹಲ್ಲು ರಿಪೇರಿ ಮಾಡುತ್ತೇನೆ, ಕಪ್ಪು ಒಸಡನ್ನು ಕೆಂಪು ಮಾಡುತ್ತೇನೆ ಅಂದೆ. "ಯಾಕೆ?" ಅಂದರು. ಚಂದ ಕಾಣಲಿ ಅಂತ ಅಂದೆ. ಅವರು ಪಿಚಕ್ಕನೆ ಉಗಿದು ಏನೋ ಹೇಳಿದರು. ಬಿಳಿ ಹಲ್ಲು ನಾಯಿಗೂ ಇರ್ತದಲ್ಲ ಅಂತ ಹೋವಾ ನಾಚಿಕೊಂಡು ತಿಳಿಸಿದಳು.

ಆಗ ನಾನು ಗಂಟು ಬಿಚ್ಚಿದೆ, ಅಮ್ಮಿಯ ಕಥೆ ಹೇಳಿದೆ. ಅಜ್ಜಿ ಸೆಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಕಹಿ ಹಾಗಲಕಾಯಿ ಕಚ್ಚಿದವರ ಹಾಗೆ ಮುಖ ಮಾಡಿದರು. ಫೋನು ಹಚ್ಚು ಅಂತ ಸನ್ನೆ ಮಾಡಿದರು.

ನಸೀಮಾ ಫೋನನ್ನು ಅಮ್ಮಿಯ ಮುಖಕ್ಕೆ ಹಿಡಿದಳು. ಅಮ್ಮಿ ಎಂದಿನಂತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೆನ್ನೆ ಇನ್ನೂ ಒಳಗೆ ಹೋಗಿತ್ತು. ಅಜ್ಜಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಅದರ ತುಂಬ ಬಾಯಿ ತೆರೆದು ಹಲ್ಲು ತೋರಿಸಿದರು. ಅಮ್ಮಿ ಫೋನಿನ ಹತ್ತಿರಕ್ಕೆ ಬಗ್ಗಿದಳು.

"ನಸೀಮಾ, ಇವ್ರೂ ಮಿಸ್ಸಿ ಆಕವ್ರೆ ಕಣೇ" ಅಂದಳು. "ಯಾವೂರವ್ವ ನಿಂದು? ಗಂಡ ಅವ್ರಾ?"

ಅಜ್ಜಿ ಅವರ ಭಾಷೆಯಲ್ಲಿ ಏನೋ ಹೇಳಿದರು, ಅಮ್ಮಿ ಅವಳ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರೂ ತಲೆ ಆಡಿಸುತ್ತಿದ್ದರು. ಅಜ್ಜಿ ತಮ್ಮ ಬಾಯಿಗೆ ಬೆರಳು ತೋರಿಸಿ ಆಮೇಲೆ ಅಮ್ಮಿಯ ಕಡೆ ತೋರಿಸಿದರು. ಅಮ್ಮಿ ಸೆರಗು ಇಳಿಸಿ ಬಾಯಿ ತೆರೆದಳು. ಹಲ್ಲಿಲ್ಲದ ಒಸಡು, ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ. ನಾನು ಫೋನಿನ ಪರದೆಯ ಫೋಟೋ ತೆಗೆದುಕೊಂಡು ಅಲ್ಲೇ ಆ ಪರವೂರ ಅಂಗಳದಲ್ಲಿ ಅತ್ತೆ. ಮುಚ್ಚಿಡುವುದೇನು, ಚೆನ್ನಾಗಿಯೇ ಅತ್ತೆ.

"ನಿನ್ನ ಬಾಯಿ ಬಣ್ಣದ್ದೇ ಮಾಡಿಸ್ಕೊಂಡು ಬರ್ತೀನಿ ಅಮ್ಮಿ" ಅಂದೆ.

"ತಕೊಂಬಾ. ಅಲ್ಲೀಗಂಟ ಇರ್ತೀನಿ ಬುಡು" ಅಂದಳು.

ಹೊರಡುವ ದಿನ

ಹೋವಾಳ ಮಾವನದೊಂದು ಲ್ಯಾಬು ಇತ್ತು, ಕಟ್ಟಿಸುವ ಹಲ್ಲು ಮಾಡುವುದು. ಫೋಟೋ ತೋರಿಸಿ, ಒಸಡಿನ ಭಾಗವನ್ನು ಈ ಬಣ್ಣಕ್ಕೆ ತರಬೇಕು, ಬಾಯಿಗೆ ಹಾನಿಯಾಗದ ಬಣ್ಣವಾಗಬೇಕು ಅಂತ ಹೇಳಿ ಸೆಟ್ಟು ಕೊಟ್ಟೆವು. ಆತ ಅರ್ಥವಾಯಿತು ಅನ್ನುವ ಹಾಗೆ ಬಹಳ ಗೌರವದಿಂದ ತಲೆ ಬಾಗಿಸಿದರು.

ಹೊರಡುವ ಬೆಳಿಗ್ಗೆ ಹೋವಾ ಡಬ್ಬ ತಂದುಕೊಟ್ಟಳು. ವಿಮಾನ ನಿಲ್ದಾಣದ ದಾರಿಯಲ್ಲಿ ಕಾರಿನೊಳಗೆ ತೆರೆದು ನೋಡಿದೆ. ಒಸಡು ಸರಿಯಾಗಿತ್ತು, ಅಮ್ಮಿಯದೇ ಬಣ್ಣ. ಆದರೆ ಹಲ್ಲೂ ಕಪ್ಪು. ಮೇಲೆ, ಕೆಳಗೆ, ಎಲ್ಲವೂ ಅಜ್ಜಿಯ ಹಲ್ಲಿನ ಹಾಗೆ ಮಿರಮಿರ ಕಪ್ಪು. ಹೋವಾ ತಕ್ಷಣ ಮಾವನಿಗೆ ಫೋನು ಮಾಡಿದಳು. ಮಾತು ಮುಗಿಸಿ ತಲೆ ತಗ್ಗಿಸಿದಳು. ಹಳ್ಳಿಯ ಮುದುಕಿಯರಿಗೆ ಅವರು ಮೊದಲಿನಿಂದ ಹೀಗೇ ಮಾಡಿಕೊಡುತ್ತಿದ್ದವರಂತೆ. ಕಪ್ಪು ಒಸಡಿನ ವಯಸ್ಸಾದ ಹೆಂಗಸು ಅಂದ ಮೇಲೆ ಹಲ್ಲು ಬಿಳಿ ಬಿಡುವುದು ಅವಮಾನ ಅಂದುಕೊಂಡು, ತಾವೇ ಕೂತು ಪದರದ ಮೇಲೆ ಪದರ ಹಚ್ಚಿದ್ದಾರೆ.

ಆ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ಗಂಡ ಹೋದ ಮೇಲೆ ಹಲ್ಲಿಗೆ ಕಪ್ಪು ತಾಗಿಸದವಳು ಅಮ್ಮಿ. ಅವಳ ಮುಂದೆ ಇದನ್ನು ಹೇಗೆ ಇಡಲಿ? ಮತ್ತೆ ಮಾಡಿಸಲು ಸಮಯವಿಲ್ಲ, ಊರಿಗೆ ಹೋಗಿ ಕೆರೆದರೆ ತೆಳುವಾಗಿ ಒಡೆದೀತು. ಕಾಯುತ್ತೇನೆ ಅಂದವಳಿಗೆ ನಾನು ತಂದದ್ದು ಇದು. ದಾರಿಯುದ್ದಕ್ಕೂ ವಿಮಾನದಲ್ಲಿ ಡಬ್ಬವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಬಿಳಿಕೆರೆ

ಮೈಸೂರು ದಾಟಿ ಬಿಳಿಕೆರೆಯಲ್ಲಿ ಟೀಗೆ ಅಂತ ಬಾಡಿಗೆ ಕಾರು ನಿಲ್ಲಿಸಿದೆ. ನನಗೆ ಟೀ ಬೇಕಿರಲಿಲ್ಲ, ಮನೆ ಹತ್ತಿರವಾಗುವುದು ಬೇಡವಾಗಿತ್ತು. ಹೂವಿನ ಅಂಗಡಿಯ ಹೆಂಗಸು ಕಾರಿನ ಕಿಟಕಿಗೆ ಬಗ್ಗಿ "ಬೂಬಮ್ಮನ ಮಗಳಲ್ವಾ ನೀವು? ಎಂಗವ್ರೆ ನಿಮ್ಮವ್ವ? ಅವ್ರ್ ತೊಡ್ಸಿದ್ ಬಳೆನೇ ನಾ ಮದ್ವೇಲಿ ಆಕಿದ್ದು" ಅಂದಳು. ಇದ್ದಾರೆ ಅಂದೆ. ಮಲ್ಲಿಗೆ ಕಟ್ಟಿ ಕೊಟ್ಟಳು. ಅಷ್ಟರಲ್ಲಿ ನಸೀಮಾಳ ಫೋನು. "ಎಲ್ಲಿದೀಯೇ ಅಕ್ಕ? ಬೆಳಗಿಂದ ಬಾಗಿಲ ಕಡೆನೇ ನೋಡ್ತಾ ಕೂತವ್ಳೆ."

ಹುಣಸೂರು

ಅಮ್ಮಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದಳು. ಪಾದ ಊದಿತ್ತು. ಸಲಾಮು ಹೇಳುವುದಕ್ಕೂ ಬಿಡದೆ "ತಾ" ಅಂತ ಕೈ ನೀಡಿದಳು. ತಪ್ಪಾಗಿದೆ ಅಮ್ಮಿ, ಅವರು ಹಲ್ಲಿಗೂ ಬಣ್ಣ ಹಾಕಿಬಿಟ್ಟಿದ್ದಾರೆ ಅಂದೆ. ನಸೀಮಾ ಡಬ್ಬದೊಳಗೆ ಇಣುಕಿ "ಯಾ ಅಲ್ಲಾ" ಅಂದು ಬಾಯಿ ಮುಚ್ಚಿಕೊಂಡಳು.

ಅಮ್ಮಿ ಸೆಟ್ಟನ್ನು ಬಾಯಿಗಿಟ್ಟು ಒತ್ತಿದಳು. ನಾಲಿಗೆಯಿಂದ ಹಲ್ಲನ್ನೆಲ್ಲ ಸವರಿ ನೋಡಿದಳು. ಕನ್ನಡಿ ಕೇಳಿದಳು. ಅದರೊಳಗೆ ಬಹಳ ಹೊತ್ತು ನೋಡುತ್ತ ಕೂತಳು. ನಾನು ನಸೀಮಾಳ ಕೈ ಹಿಡಿದುಕೊಂಡಿದ್ದೆ. ಅಮ್ಮಿಯ ತುಟಿ ನಿಧಾನಕ್ಕೆ ಅಗಲವಾಯಿತು. ನಾನು ಚಿಕ್ಕವಳಿದ್ದಾಗ ನೋಡಿದ್ದ ಕಪ್ಪು ನಗು.

"ನಿಮ್ಮಬ್ಬ ಇದ್ದಾಗ ಇಂಗೇ ಇದ್ದೆ ಕಣ್ರವ್ವ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಏಳ್ದಂಗೆ ಮಾಡಿದ್ರೆ ಬರೀ ಒಸಡು ಬರ್ತಿತ್ತು. ಮಾಡ್ದೋರು ತಿಳ್ದೋರು" ಅಂದಳು.

ಪಕ್ಕದ ಮನೆಯ ಖಾಲಾ ಬಂದು ಗಾಬರಿಯಾದರು. ಗಂಡ ಹೋದವಳು ಈ ವಯಸ್ಸಿನಲ್ಲಿ ಮಿಸ್ಸಿಯೇ ಅಂದರು. "ನಾನೆಲ್ ಅಚ್ಕೊಂಡೆ? ಅದೇ ದೇಸ ಸುತ್ಕೊಂಡ್ ಬಂದದೆ" ಅಂದು ಅಮ್ಮಿ ಅವರ ಮುಖಕ್ಕೇ ನಕ್ಕಳು. ಸಂಜೆ ಮಟನ್ ಸಾರು ಮಾಡು ಅಂದಳು. ಒಂದು ಸಣ್ಣ ಮೂಳೆ ಚೀಪಿ, ಎರಡು ತುತ್ತು ಅನ್ನ ಉಂಡಳು. ಎಡಗಡೆ ಒತ್ತುತ್ತದೆ ಅಂದಳು, ನಾನು ಅರ ಹಾಕಿ ಸರಿಮಾಡಿಕೊಟ್ಟೆ. ಹಳ್ಳಿಗಳಿಂದ ನೋಡಲು ಬಂದ ಹಳೇ ಗಿರಾಕಿಗಳಿಗೆಲ್ಲ ಬಾಯಿ ತೆರೆದು ತೋರಿಸಿದಳು. ಆ ಅಜ್ಜಿಗೆ ಇನ್ನೊಂದು ಸಲ ಫೋನು ಹಚ್ಚಿಸಿ, ಇಬ್ಬರೂ ಹಲ್ಲು ಕಿರಿದುಕೊಂಡು ಕೂತರು. ಸೆರಗು ಮತ್ತೆ ಬಾಯಿಗೆ ಹೋಗಲಿಲ್ಲ.

ಅದು ಬಹಳ ದಿನ ನಡೆಯಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡಿ ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದವಳು ತೆರೆಯಲಿಲ್ಲ. ಮುಖದ ಮೇಲೆ ನೋವಿರಲಿಲ್ಲ. ತುಟಿ ಸ್ವಲ್ಪ ತೆರೆದು ಹಲ್ಲು ಕಾಣುತ್ತಿತ್ತು.

ಮಣ್ಣು ಮಾಡುವ ಮೊದಲು ಸ್ನಾನ ಮಾಡಿಸಲು ಬಂದ ಹೆಂಗಸು ನೀರು ತೋಡಿಕೊಳ್ಳುತ್ತ, "ಕಟ್ಟಿಸಿದ ಹಲ್ಲಿದ್ರೆ ತೆಗೀಬೇಕಮ್ಮ" ಅಂದರು. ಅದು ಅಮ್ಮಿಗೂ ಗೊತ್ತಿತ್ತೋ ಏನೋ. ನನಗೆ ಹೊಳೆದೇ ಇರಲಿಲ್ಲ. ಇದನ್ನು ಹಾಕಿಕೊಂಡೇ ಅಬ್ಬನ ಹತ್ತಿರ ಹೋಗುತ್ತಾಳೆ ಅಂತ ನಾನು ನಂಬಿದ್ದೆ, ಅದಕ್ಕೇ ಅಷ್ಟು ದೂರದಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಇರಲಿ ಬಿಡಿ ಅಂತ ಬೇಡಿಕೊಂಡೆ. ಆಕೆ ನನ್ನ ತಲೆ ಸವರಿ, ಬೇಡ ಅನ್ನುವ ಹಾಗೆ ಕತ್ತು ಆಡಿಸಿದರು.

ನಾನೇ ತೆಗೆದೆ. ದಿನವೂ ಯಾರ್ಯಾರದೋ ಬಾಯಿಂದ ತೆಗೆಯುವ ಹಾಗೆಯೇ, ತೋರುಬೆರಳು ಅಂಚಿಗೆ ಹಾಕಿ ಮೆಲ್ಲಗೆ. ಅವಳ ಕೆನ್ನೆ ಒಳಗೆ ಹೋಯಿತು. ಬಗ್ಗಿ ನೋಡಿದ ಆ ಹೆಂಗಸು, "ಒಸಡು ಕಪ್ಪಗೆ ಹಂಗೇ ಅದೆ ಕಣಮ್ಮ" ಅಂದರು. ನಾನು ಹೂಂ ಅಂದೆ. ಅಷ್ಟಾದರೂ ಅವಳದೇ ಅವಳ ಜೊತೆ ಹೋಯಿತು. ಅಬ್ಬನಿಗೆ ಅಷ್ಟು ಸಾಕಾಯಿತೋ ಇಲ್ಲವೋ.

ಸೆಟ್ಟು ಈಗ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಒಂದು ಗಾಜಿನ ಲೋಟದಲ್ಲಿದೆ. ನೋಡಿದವರು ಬೆಚ್ಚಿಬೀಳುತ್ತಾರೆ. ಎತ್ತಿಡು ಅಕ್ಕ ಅಂತ ನಸೀಮಾ ಎಷ್ಟೋ ಸಲ ಹೇಳಿದ್ದಾಳೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ಅದರ ನೀರು ಬದಲಿಸುತ್ತೇನೆ. ಕಟ್ಟಿಸಿದ ಹಲ್ಲನ್ನು ಒಣಗಲು ಬಿಡಬಾರದು. ಒಣಗಿದರೆ ಆಕಾರ ಕೆಡುತ್ತದೆ, ಆಮೇಲೆ ಅಮ್ಮಿಯ ಬಾಯಿಗೆ ಕೂರುವುದಿಲ್ಲ.